ಇಲಿಯ ಅಂಗಿಗೆ ಮೂರು ಜೇಬು

ನಮ್ಮ ಸಂಶೋಧನಾ ಕೇಂದ್ರದಲ್ಲಿ ಮೂವತ್ತೊಂದು ಜನ ಡಾಕ್ಟರುಗಳಿದ್ದಾರೆ. ಅವರಲ್ಲಿ ಒಬ್ಬರಿಗೂ ನೆಗಡಿಗೆ ಮಾತ್ರೆ ಬರೆದುಕೊಡಲು ಬರುವುದಿಲ್ಲ, ಎಲ್ಲರೂ ಪ್ರಬಂಧ ಬರೆದು ಡಾಕ್ಟರ್ ಆದವರು. ಮಾಸ್ಟರ್ ಮಾತ್ರ ಒಬ್ಬರೇ, ಅವರು ಟೈಲರ್ ಮಾಸ್ಟರ್. ಒಮ್ಮೆ ಹೊರಗಿನಿಂದ ಬಂದ ಪ್ರೊಫೆಸರೊಬ್ಬರು, ಎಲ್ಲರೂ ಅವರನ್ನು ಮಾಸ್ಟರ್ ಮಾಸ್ಟರ್ ಎಂದು ಕರೆಯುವುದನ್ನು ಕೇಳಿ, ಬಹಳ ಗೌರವದಿಂದ "ತಾವು ಯಾವ ವಿಷಯದಲ್ಲಿ?" ಎಂದು ವಿಚಾರಿಸಿದರು. "ಮೊದ್ಲು ಜೆಂಟ್ಸು, ಲೇಡೀಸು ಎರಡೂ ಇತ್ತು ಸಾರ್. ಈಗ ಇಲಿ ಮಾತ್ರ" ಎಂದರು ಮಾಸ್ಟರ್. ಪ್ರೊಫೆಸರು ತಲೆಯಾಡಿಸಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ನಾನು ಇಲ್ಲಿ ಇಲಿಗಳ ಮೆದುಳಿನ ಚಿತ್ರ ತೆಗೆಯುವ ಆಯಸ್ಕಾಂತದ ಯಂತ್ರ ನಡೆಸುವವನು. ಎಂಜಿನಿಯರಿಂಗ್ ಓದಿದ್ದೇನೆ, ಯಾರೂ ಕೇಳದಿದ್ದರೂ ಅದನ್ನು ಹೇಳುವ ಚಾಳಿಯೂ ಇದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಕಚೇರಿಯಲ್ಲೂ ಹೇಳುತ್ತಾರೆ, ಇರಲಿ. ಮಾಸ್ಟರ್ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರು. ಆದರೆ ಬರೆಯಲೇಬೇಕಾದ ಕಾರಣ ಇರುವುದು ನನಗೆ.

ಹನ್ನೊಂದು ವರ್ಷದ ಹಿಂದೆ ಮಾಸ್ಟರ್ ಇಲ್ಲಿಗೆ ಬಂದದ್ದು ಪ್ರಾಣಿಗಳ ಕೋಣೆಗೆ ಕಪ್ಪು ಪರದೆ ಹೊಲಿಯಲು. ಆಗ ಅವರಿಗೆ ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಅವರು ಕತ್ತರಿಸಿ ಹೊಲಿಯುವುದು, ಅವರ ಹೆಂಡತಿ ಕಾಜಾ ಮಾಡಿ ಗುಂಡಿ ಹಾಕುವುದು. ಪರದೆಯ ಅಳತೆ ತೆಗೆಯುತ್ತಾ ಅವರು ಪಕ್ಕದ ಮೇಜಿನ ಕಡೆ ನೋಡಿದ್ದಾರೆ. ಅಲ್ಲಿ ನಮ್ಮ ಮೇಡಂ, ಅಂದರೆ ಮೆದುಳಿನ ವಿಭಾಗದ ಮುಖ್ಯಸ್ಥೆ, ಅರಿವಳಿಕೆ ಕೊಟ್ಟ ಇಲಿಯೊಂದನ್ನು ಅಂಟುಪಟ್ಟಿಯಿಂದ ಪ್ಲಾಸ್ಟಿಕ್ ಹಲಗೆಗೆ ಅಂಟಿಸಲು ಹೆಣಗುತ್ತಿದ್ದರು. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಮಾಸ್ಟರಿಗೆ ತಡೆಯಲಾಗಲಿಲ್ಲ. "ಮೇಡಂ, ಇದಕ್ಕೆ ಅಂಟು ಆಗಲ್ಲ. ಕ್ರಾಸ್ ಕಟಿಂಗಲ್ಲಿ, ಅಂದ್ರೆ ಬಟ್ಟೇನ ಓರೆಯಾಗಿ ಕತ್ತರಿಸಿ, ಒಂದು ಅಂಗಿ ಹೊಲಿದ್ರೆ ಮೈಗೆ ಹಿಡಿದು ಕೂರುತ್ತೆ" ಎಂದರು. ಮರುದಿನವೇ ಹೊಲಿದು ತಂದರು. ಇಲಿ ಅದರೊಳಗೆ ಅಲುಗಾಡದೆ ಮಲಗಿತು. ಪರದೆ ಹೊಲಿದು ಮುಗಿಯಿತು, ಮಾಸ್ಟರ್ ಮಾತ್ರ ಇಲ್ಲೇ ಉಳಿದರು.

ಇಲಿಗಳನ್ನು ಅವರು ಗಿರಾಕಿಗಳಂತೆಯೇ ನೋಡುತ್ತಾರೆ. ಟೇಪು ಹಿಡಿದು ಎದೆ ಸುತ್ತಳತೆ ತೆಗೆಯುವಾಗ "ಸ್ವಲ್ಪ ಕೈ ಎತ್ತಿ ಸ್ವಾಮಿ" ಎನ್ನುವುದುಂಟು, ಇಲಿ ನಿದ್ದೆಯಲ್ಲಿದ್ದರೂ. ಅವರ ಅಳತೆ ಪುಸ್ತಕದಲ್ಲಿ "ನಂ. ಏಳು: ಎದೆ ಹದಿಮೂರು ಸೆಂಟಿಮೀಟರ್, ಹೊಟ್ಟೆ ಬೆಳೆಯುವ ಲಕ್ಷಣ, ಒಳಗೆ ಬಟ್ಟೆ ಬಿಡುವುದು" ಎಂಬಂಥ ಟಿಪ್ಪಣಿಗಳಿವೆ. ಮನೆಯಲ್ಲಿ ಬಹಳ ದಿನ ಅವರು ತಮ್ಮ ಕೆಲಸವನ್ನು "ಮ್ಯಾಗ್ನೆಟ್ ಡಿಪಾರ್ಟ್‌ಮೆಂಟು" ಎಂದಷ್ಟೇ ಹೇಳಿದ್ದರಂತೆ. ಮಗಳನ್ನು ನೋಡಲು ಬಂದ ಬೀಗರ ಮುಂದೆ ಅವರ ಅತ್ತೆ ಎಲ್ಲವನ್ನೂ ಬಾಯಿಬಿಟ್ಟರು: "ನಮ್ಮ ಅಳಿಯಂದ್ರು ಇಲಿಗಳಿಗೆ ಬಟ್ಟೆ ಹೊಲೀತಾರೆ." ಬೀಗರು, "ಹಾಗಾದ್ರೆ ಅಳತೆ ತಪ್ಪಿದ್ರೂ ಯಾರೂ ಜಗಳ ಆಡಲ್ಲ" ಎಂದರಂತೆ. ಸಂಬಂಧ ಕುದುರಿತು. ಆದರೆ ಆ ಮಾತು ಮಾಸ್ಟರಿಗೆ ಇವತ್ತಿಗೂ ಹಿಡಿಸಿಲ್ಲ. ಅಳತೆ ತಪ್ಪುವುದು ಎಂದರೇನು?

ಅವರಿಗೆ ಒಂದೇ ಒಂದು ಕಾಯಿಲೆ. ಸೊಟ್ಟಗಿರುವ ಯಾವುದನ್ನೂ ಸಹಿಸರು. ಗೋಡೆಯ ಕ್ಯಾಲೆಂಡರು ಒಂದು ಕೂದಲೆಳೆ ಓರೆಯಾಗಿದ್ದರೂ ಮಾತು ನಿಲ್ಲಿಸಿ ಎದ್ದು ಹೋಗಿ ಸರಿಮಾಡಿ ಬರುತ್ತಾರೆ. ನಿರ್ದೇಶಕರು ಭಾಷಣ ಮಾಡುತ್ತಿದ್ದಾಗ ಹಿಂದಿನಿಂದ ಬಂದು ಅವರ ಕಾಲರು ನೆಟ್ಟಗೆ ಮಾಡಿದ ದಾಖಲೆಯೂ ಇದೆ.

ಇನ್ನು ಬಾಯಿಯ ವಿಷಯ. ದರ್ಜಿಗಳಿಗೆ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುವ ಅಭ್ಯಾಸ. ಆಯಸ್ಕಾಂತದ ಕೋಣೆಗೆ ಕಬ್ಬಿಣದ ಚೂರು ಕೂಡ ಹೋಗಬಾರದು, ಹೋದರೆ ಗುಂಡಿನಂತೆ ಹಾರಿ ಯಂತ್ರಕ್ಕೆ ಬಡಿಯುತ್ತದೆ. ಮೊದಲ ವಾರವೇ ಮಾಸ್ಟರ್ ಐದು ಪಿನ್ನು ಕಚ್ಚಿಕೊಂಡು ಆ ಕೋಣೆಯ ಬಾಗಿಲಿನ ಕೆಂಪು ಗೆರೆ ದಾಟಲು ಹೊರಟಿದ್ದರು. ನಾನು ಓಡಿ ಅಡ್ಡ ನಿಂತೆ. ಅವತ್ತಿನಿಂದ ಎಲ್ಲರೂ ಬೀಗದಕೈ, ಬೆಲ್ಟು, ವಾಚು ತೆಗೆದು ತಟ್ಟೆಗೆ ಹಾಕಿದರೆ, ಮಾಸ್ಟರ್ ನನ್ನೆದುರು ನಿಂತು ಆ ಎಂದು ಬಾಯಿ ತೆರೆದು ತೋರಿಸಿ ಒಳಗೆ ಹೋಗುತ್ತಾರೆ. ಹನ್ನೊಂದು ವರ್ಷದಿಂದ ದಿನಕ್ಕೆರಡು ಬಾರಿ ನಾನು ಅವರ ದವಡೆ ಹಲ್ಲು ನೋಡುತ್ತಾ ಬಂದಿದ್ದೇನೆ. ಎಡಗಡೆ ಕೊನೆಯದು ಹುಳುಕಾಗಿದೆ, ಎಷ್ಟು ಹೇಳಿದರೂ ತೋರಿಸಿಕೊಳ್ಳುತ್ತಿಲ್ಲ.

ಕಳೆದ ವರ್ಷದವರೆಗೆ ನಮ್ಮಲ್ಲಿ ಒಂದೇ ಯಂತ್ರವಿತ್ತು. ಆಸ್ಪತ್ರೆಯಲ್ಲಿ ಎಂ.ಆರ್.ಐ. ಎನ್ನುತ್ತಾರಲ್ಲ, ಅದರ ಚಿಕ್ಕ ರೂಪ. ಆಮೇಲೆ ಇನ್ನೊಂದು ಬಂತು. ಅದೂ ಆಯಸ್ಕಾಂತದ್ದೇ, ಆದರೆ ಸ್ವಭಾವ ಬೇರೆ. ಹಳೆಯದನ್ನು ಅಣ್ಣ, ಹೊಸದನ್ನು ತಮ್ಮ ಎಂದು ಕರೆಯತೊಡಗಿದೆವು. ಅಣ್ಣನಿಗೆ ಇಲಿಯ ಮೆದುಳು, ರಕ್ತನಾಳ, ಗಾಯ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ತಮ್ಮನಿಗೆ ಕಬ್ಬಿಣ ಬಿಟ್ಟು ಪ್ರಪಂಚದಲ್ಲಿ ಬೇರೇನೂ ಕಾಣದು. ಇಲಿಯೇ ಕಾಣದು. ಕತ್ತಲ ಪರದೆಯ ಮೇಲೆ ಕಬ್ಬಿಣವಿರುವ ಕಡೆ ಮಾತ್ರ ಬೆಳಕಿನ ಚುಕ್ಕೆ ತೋರಿಸುತ್ತದೆ.

ಮೇಡಂಗೆ ಬೇಕಿದ್ದದ್ದು ಇಬ್ಬರದ್ದೂ ಸೇರಿದ ಚಿತ್ರ. ಮೆದುಳಿನ ಎಡಭಾಗಕ್ಕೆ ಲಕ್ವ ಹೊಡೆದ ಇಲಿಗಳಿಗೆ ಅವರು ರಿಪೇರಿ ಮಾಡುವ ಜೀವಕೋಶಗಳನ್ನು ಚುಚ್ಚುತ್ತಿದ್ದರು. ಗುರುತು ಸಿಗಲೆಂದು ಆ ಕೋಶಗಳಿಗೆ, ಯಂತ್ರ ಎಳೆದುಕೊಳ್ಳಲಾರದಷ್ಟು ನುಣ್ಣನೆಯ ಕಬ್ಬಿಣದ ಪುಡಿ ತಿನ್ನಿಸಿರುತ್ತಿದ್ದರು. ಗಾಯ ಎಲ್ಲಿದೆ ಎಂದು ಅಣ್ಣ ಹೇಳಬೇಕು, ಕೋಶಗಳು ಎಲ್ಲಿಗೆ ಹೋದವು ಎಂದು ತಮ್ಮ ಹೇಳಬೇಕು, ಎರಡನ್ನೂ ಒಂದರ ಮೇಲೊಂದು ಹಾಸಿದರೆ ಕೋಶಗಳು ಗಾಯಕ್ಕೆ ತಲುಪಿದವೋ ಇಲ್ಲವೋ ತಿಳಿಯುತ್ತದೆ. ಐದು ವರ್ಷದ ಪ್ರಯತ್ನ ಅದು. ಇಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಎಳೆಯಷ್ಟೂ ಕದಲಬಾರದು. ಅಂಗಿಯ ಸಮೇತ ಅದನ್ನು ಹೊತ್ತುಕೊಂಡು ಹೋಗುವವರು ಮಾಸ್ಟರ್. ಆ ಹದಿನೆಂಟು ಹೆಜ್ಜೆಗಳನ್ನು ಅವರು ಉಸಿರು ಬಿಗಿಹಿಡಿದು ನಡೆಯುತ್ತಿದ್ದರು. ಎದುರಿಗೆ ನಿರ್ದೇಶಕರೇ ಬಂದರೂ ಪಕ್ಕಕ್ಕೆ ಸರಿಯಬೇಕಾಗಿತ್ತು.

ಎರಡು ಚಿತ್ರಗಳನ್ನು ಹೊಂದಿಸಲು, ಅಂಗಿಗೆ ಸೇರಿಸಿ ಹೊಲಿದ ಟೋಪಿಯ ಮೇಲೆ ಮೂರು ಪುಟ್ಟ ಜೇಬು ಬೇಕಿತ್ತು. ಪ್ರತಿ ಜೇಬಿನಲ್ಲೂ ಅಕ್ಕಿಕಾಳಿನಷ್ಟು ದೊಡ್ಡ ಕೊಳವೆ, ಅದರೊಳಗೆ ನೀರು ಮತ್ತು ಅದೇ ಕಬ್ಬಿಣದ ಪುಡಿ ಒಂದಿಷ್ಟು, ಹಾಗಾಗಿ ಅಣ್ಣತಮ್ಮ ಇಬ್ಬರಿಗೂ ಅದು ಕಾಣುತ್ತದೆ. ಇದರ ಮೂರು ಚುಕ್ಕೆ ಅದರ ಮೂರು ಚುಕ್ಕೆಯ ಮೇಲೆ ಕೂತರೆ ಚಿತ್ರ ತಾಳೆಯಾಯಿತು ಎಂದರ್ಥ. ಮೇಡಂ ಅವಸರದಲ್ಲಿ ಹಾಳು ಕಾಗದವೊಂದರ ಹಿಂಬದಿಯಲ್ಲಿ ಜೇಬುಗಳ ಜಾಗ ಬರೆದು ಮಾಸ್ಟರಿಗೆ ಕೊಟ್ಟಿದ್ದರು. ಹಳೆಯ ಅಂಗಿ ಹರಿದಿತ್ತು, ಹೊಸದು ತಯಾರಾಯಿತು. ಅದೇ ವಾರ ತಮ್ಮನ ಕಂಪ್ಯೂಟರಿಗೆ ನಾನು ಹೊಸ ಪ್ರೋಗ್ರಾಮು ಹಾಕಿದೆ.

ಆಮೇಲೆ ಶುರುವಾಯಿತು ಗ್ರಹಚಾರ. ಮೊದಲ ಇಲಿಯ ಗಾಯ ಎಡಕ್ಕೆ, ಕೋಶಗಳು ಬಲಕ್ಕೆ. ಎರಡನೆಯದೂ ಹಾಗೇ. ಮೂರು ವಾರದಲ್ಲಿ ಆರು ಇಲಿ ಆದವು. ಆರರಲ್ಲೂ ಕೋಶಗಳು ಗಾಯದ ಮನೆ ಬಿಟ್ಟು ಎದುರುಮನೆಗೆ ಹೋಗಿ ಕೂತಿದ್ದವು. ಮೇಡಂ ಊಟ ಬಿಟ್ಟರು. ಕಂಪ್ಯೂಟರು ಮಾತ್ರ ಪ್ರತಿ ಸಲವೂ ಚುಕ್ಕೆಗಳು ಶೇಕಡಾ ತೊಂಬತ್ತೊಂಬತ್ತು ತಾಳೆಯಾಗಿವೆ ಎಂದು ಹಸಿರು ದೀಪ ತೋರಿಸುತ್ತಿತ್ತು. ಕಂಪ್ಯೂಟರು ಅಷ್ಟು ಧೈರ್ಯವಾಗಿ ಹೇಳುವಾಗ ಕೂತು ಚುಕ್ಕೆ ನೋಡುವವರು ಯಾರು?

ನಿರ್ದೇಶಕರು ಯೋಚಿಸಿ ಒಂದು ಅರ್ಥ ಹುಡುಕಿದರು. "ಜೇಬು ತಾಳೆ ಆಗ್ತಿದೆ ಅಂದ್ರೆ ಅಂಗಿ ಕದಲಿಲ್ಲ. ಒಳಗಿರೋ ಇಲಿ ಹೊರಳಿದೆ. ಅಂಗಿ ಸಡಿಲ ಆಗಿದೆ, ಅಷ್ಟೆ." ಸಿದ್ಧವಾಗಿ ಸಿಗುವ ಪ್ಲಾಸ್ಟಿಕ್ ಅಚ್ಚು ತರಿಸುವುದೆಂದೂ, ಮಾಸ್ಟರ್ ಕೆಲಸವನ್ನು ಈ ತಿಂಗಳಿಗೆ ನಿಲ್ಲಿಸುವುದೆಂದೂ ಪತ್ರ ತಯಾರಾಯಿತು. ಶುಕ್ರವಾರ ಹನ್ನೊಂದು ಗಂಟೆಗೆ ಸಮಿತಿ ಸೇರಿ ಸಹಿ ಹಾಕುವುದಷ್ಟೇ ಬಾಕಿ.

ಕೆಲಸ ಹೋಗುವ ಮಾತು ಮಾಸ್ಟರಿಗೆ ಅಷ್ಟು ನಾಟಲಿಲ್ಲ. 'ಸಡಿಲ' ಎಂಬ ಮಾತು ನಾಟಿತು. ಐವತ್ತೆಂಟು ವರ್ಷದ ಮನುಷ್ಯ, ಹದಿನಾರನೇ ವಯಸ್ಸಿನಿಂದ ಕತ್ತರಿ ಹಿಡಿದವರು. "ಸಡಿಲವಂತೆ" ಎಂದು ಒಬ್ಬರೇ ಹೇಳಿಕೊಳ್ಳುತ್ತಾ ಕಾರಿಡಾರಿನಲ್ಲಿ ಓಡಾಡಿದರು. ಗುರುವಾರ ನನ್ನ ಬಳಿ ಬಂದು, "ನೀವೇ ಹೇಳಿ, ನಾನು ಹೊಲಿದ ಅಂಗೀಲಿ ಇಲಿ ಹೊರಳೋಕೆ ಸಾಧ್ಯಾನಾ? ಉಸಿರಾಡೋದೇ ನಾನು ಲೆಕ್ಕ ಹಾಕಿ ಕೊಟ್ಟಿರೋದು" ಎಂದರು. ನಾನು ನಗುತ್ತಾ, ಇಲಿಗೆ ಹೊರಳುವಷ್ಟು ಜಾಗ ಬೇಕೆಂದಿದ್ದರೆ ಅದು ಬೇರೆ ದರ್ಜಿಯ ಹತ್ತಿರ ಹೋಗುತ್ತಿತ್ತು ಎಂದೆ. ಅವರು ನಗಲಿಲ್ಲ. ಅವರ ಕಣ್ಣು ಕೆಂಪಾಗಿತ್ತು, ಆಗ ನನಗೂ ಸಂಕಟವಾಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಮಾಸ್ಟರ್ ಬಂದು ನನ್ನ ಕೋಣೆಯ ಬಾಗಿಲು ಹಾಕಿಕೊಂಡರು. ಕೈಯಲ್ಲಿ ಬಿಳಿ ಅಂಗಿಯ ಎರಡು ತೋಳುಗಳಿದ್ದವು. ಅಳಿಯನಿಗೆಂದು ಕತ್ತರಿಸುತ್ತಿದ್ದದ್ದು. ಮನಸ್ಸು ನೆಟ್ಟಗಿಲ್ಲದೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟಿದ್ದರು. ಜೀವನದಲ್ಲಿ ಮೊದಲ ಸಲ ಹಾಗಾದದ್ದು. ಹೆಂಡತಿ ನೋಡಿ, "ಅದಕ್ಯಾಕೆ ತಲೆ ಚಚ್ಕೊಳ್ತೀರಿ? ಈ ಬಟ್ಟೆಗೆ ಸೀದಾ ಉಲ್ಟಾ ಇಲ್ಲ. ಒಂದನ್ನ ಮಗುಚಿ ಹಾಕಿ, ಬಲಗೈ ಆಗುತ್ತೆ. ಯಾರಿಗೂ ಗೊತ್ತಾಗಲ್ಲ" ಎಂದರಂತೆ.

"ಯಾರಿಗೂ ಗೊತ್ತಾಗಲ್ಲ ಅಂದ್ಳು ನೋಡಿ, ಎದೆ ಝಲ್ ಅಂತು" ಎಂದರು ಮಾಸ್ಟರ್.

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರು ಜೇಬಿನಿಂದ ಮೇಡಂ ಕೊಟ್ಟಿದ್ದ ಆ ಹಾಳು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಅದರಲ್ಲಿ ಎಡಕಿವಿಯ ಪಕ್ಕದ ಜೇಬು ಸ್ವಲ್ಪ ಮೇಲಿತ್ತು, ಬಲಕಿವಿಯದ್ದು ಕೆಳಗಿತ್ತು, ಮೂಗಿನ ಹತ್ತಿರದ್ದು ನಡುವಿನಲ್ಲಿರದೆ ಒಂದು ಬದಿಗೆ ವಾಲಿತ್ತು.

"ಇದನ್ನ ನೋಡಿ ನಾನೇನಂದ್ಕೊಂಡೆ ಗೊತ್ತಾ? ಪಾಪ ಮೇಡಂ, ಅವಸರದಲ್ಲಿ ಕೈ ನಡುಗಿದೆ ಅಂತ. ಅಷ್ಟು ಓದಿದೋರು ಸೊಟ್ಟಗೆ ಬರ್ದಿದಾರೆ, ಹೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ಮನೆ ನಾನೇ ನೆಟ್ಟಗೆ ಮಾಡಿ ಹೊಲಿದೆ. ಎರಡು ಕಿವಿಗೂ ಒಂದೇ ಅಳತೆ, ಮೂಗಿಗೆ ಸರಿಯಾಗಿ ನಡುವೆ."

ಇನ್ನೊಂದು ಕಾಗದದಲ್ಲಿ ತಾವು ಹೊಲಿದ ಅಂಗಿಯಂತೆಯೇ ಮೂರು ತೂತು ಮಾಡಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಥದೇ ಇನ್ನೊಂದು ಕಾಗದವನ್ನು ಅದರ ಮೇಲಿಟ್ಟರು. ಮೂರು ತೂತೂ ತಾಳೆಯಾದವು. ಆಮೇಲೆ ಮೇಲಿನ ಕಾಗದವನ್ನು ಮಗುಚಿ ಇಟ್ಟರು. ಆಗಲೂ ಮೂರು ತೂತೂ ತಾಳೆಯಾದವು. "ಸೀದಾ ಉಲ್ಟಾ ಇಲ್ಲ" ಎಂದರು. "ಚಿತ್ರ ಎಲ್ಲೋ ಮಗುಚಿದೆ. ಮೇಡಂ ಬೇಕಂತಲೇ ಸೊಟ್ಟಗೆ ಬರ್ದಿದ್ದು. ನನ್ನ ಜೇಬೂ ಸೊಟ್ಟ ಇದ್ದಿದ್ರೆ ಮಗುಚಿದಾಗ ಚುಕ್ಕೆ ತಾಳೆ ಆಗದೆ ಆವತ್ತೇ ಸಿಕ್ಕಿಬೀಳ್ತಿತ್ತು."

ಎಲ್ಲಿ ಮಗುಚಿತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹೊಸ ಪ್ರೋಗ್ರಾಮು ಹಾಕುವಾಗ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತ್ತು: ಪ್ರಾಣಿಯನ್ನು ಬೆನ್ನ ಕಡೆಯಿಂದ ನೋಡಬೇಕೋ, ಹೊಟ್ಟೆಯ ಕಡೆಯಿಂದ ನೋಡಬೇಕೋ? ಊಟದ ಹೊತ್ತಾಗಿತ್ತು. ಹೊಟ್ಟೆ ಎಂಬುದು ಮೇಲಿತ್ತು, ಅದನ್ನೇ ಒತ್ತಿದೆ. ಅಣ್ಣ ಬೆನ್ನಿನಿಂದ ನೋಡುತ್ತಿದ್ದ, ತಮ್ಮ ಹೊಟ್ಟೆಯಿಂದ ನೋಡುತ್ತಿದ್ದ, ಹಾಗಾಗಿ ಅವನ ಎಡ ಇವನ ಬಲ.

ಇದನ್ನು ಮಾಸ್ಟರಿಗೆ ಹೇಳಿದೆ. ಹೇಳಿ, ತಕ್ಷಣ ಒಂದು ಉಪಾಯವನ್ನೂ ಹೇಳಿದೆ. ಇನ್ನೂ ಎರಡೂವರೆ ಗಂಟೆ ಇದೆ. ನಾನು ಗುಂಡಿ ಬದಲಾಯಿಸಿ ಕಂಪ್ಯೂಟರಿನಲ್ಲಿರುವ ಆರೂ ಚಿತ್ರಗಳನ್ನು ಮತ್ತೆ ತಾಳೆ ಹಾಕುತ್ತೇನೆ, ಪ್ರೋಗ್ರಾಮಿನಲ್ಲಿ ಏನೋ ತೊಂದರೆ ಇತ್ತು, ಸರಿಹೋಯಿತು ಎನ್ನುತ್ತೇನೆ. ನಿಮ್ಮ ಜೇಬಿನ ಸುದ್ದಿಯೂ ಬೇಡ, ನನ್ನ ಗುಂಡಿಯ ಸುದ್ದಿಯೂ ಬೇಡ.

ಮಾಸ್ಟರ್ ತೋಳುಗಳನ್ನು ಮಡಚುತ್ತಾ, "ಗಿರಾಕಿ ಹೇಳಿದ ಅಳತೇನ ಗಿರಾಕಿಗೆ ಹೇಳ್ದೆ ಬದಲಾಯಿಸಿದೀನಿ. ಅದನ್ನ ಹೇಳ್ಬೇಕಲ್ವಾ?" ಎಂದರು.

"ಹೇಳಿದ್ರೆ ಕೆಲ್ಸ ಹೋಗುತ್ತೆ ಮಾಸ್ಟರ್."

"ಅಂಗಿ ಸಡಿಲ ಅಂತ ಹೋಗೋದಕ್ಕಿಂತ ವಾಸಿ."

ಹನ್ನೊಂದಕ್ಕೆ ಸಮಿತಿ ಸೇರಿತು. ಉದ್ದ ಮೇಜಿನ ಆ ತುದಿಯಲ್ಲಿ ನಿರ್ದೇಶಕರು, ಪಕ್ಕದಲ್ಲಿ ಇಬ್ಬರು ಸದಸ್ಯರು, ಈಚೆಗೆ ಬಾಡಿದ ಮುಖದ ಮೇಡಂ, ನಾನು. ಮಾಸ್ಟರ್ ಕೂರಲಿಲ್ಲ. ಕಾಗದಗಳನ್ನು ಕಿಟಕಿಗೆ ಹಿಡಿದು ತೋರಿಸಿದರು, ಮಗುಚಿ ತೋರಿಸಿದರು. ಒಬ್ಬ ಸದಸ್ಯರು ಎದ್ದು ಬಂದು ತಾವೇ ನಾಲ್ಕು ಸಲ ಮಗುಚಿ ನೋಡಿದರು. ಮೇಡಂ ಕಣ್ಣು ದೊಡ್ಡದಾಗುತ್ತಾ ಹೋಯಿತು.

"ಅಂದ್ರೆ ಡ್ರಾಯಿಂಗ್ ಬದಲಾಯಿಸಿದ್ದು ನೀವು" ಎಂದರು ನಿರ್ದೇಶಕರು.

"ಹೌದು ಸಾರ್. ಸೊಟ್ಟ ಇತ್ತು, ನೆಟ್ಟಗೆ ಮಾಡ್ದೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ. ಅದೇ ತಪ್ಪು."

ಸದಸ್ಯರಿಬ್ಬರೂ ನಕ್ಕರು. ನಿರ್ದೇಶಕರು ನಗಲಿಲ್ಲ. ಮೂರು ವಾರದ ಕೆಲಸ ಹಾಳಾಯಿತೆಂದರು, ಶಿಸ್ತು ಎಂದರು, ಹೊರಗಿನವರನ್ನು ಇಂಥ ಸೂಕ್ಷ್ಮ ಕೆಲಸಕ್ಕೆ ಬಿಡಬಾರದಿತ್ತು ಎಂದರು. ಹನ್ನೊಂದು ವರ್ಷ ಆದಮೇಲೂ ಮಾಸ್ಟರ್ ಹೊರಗಿನವರು. ಪತ್ರ ಮುಂದಕ್ಕೆಳೆದು ಪೆನ್ನಿನ ಮುಚ್ಚಳ ತೆಗೆದರು.

ಮಾಸ್ಟರ್ ನನ್ನ ಕಡೆ ನೋಡಲಿಲ್ಲ. ಒಂದು ಸಲ ನೋಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು, ಆ ಸಿಟ್ಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದೆನೋ ಏನೋ. ಅವರು ಗುಂಡಿಯ ಹೆಸರನ್ನೇ ಎತ್ತಿರಲಿಲ್ಲ. "ಚಿತ್ರ ಎಲ್ಲೋ ಮಗುಚಿದೆ" ಎಂದಷ್ಟೇ ಹೇಳಿ ಅದನ್ನು ನನ್ನ ಪಾಲಿಗೆ ಬಿಟ್ಟಿದ್ದರು. ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಎದ್ದು ನಿಂತೆ.

"ಸಾರ್, ಜೇಬು ನೆಟ್ಟಗಿದ್ದ ಮಾತ್ರಕ್ಕೆ ಚಿತ್ರ ಮಗುಚಲ್ಲ. ಮಗುಚಿದ್ದು ನಾನು. ಪ್ರೋಗ್ರಾಮು ಹಾಕುವಾಗ ಓದದೆ ಒತ್ತಿದೆ."

ನಿರ್ದೇಶಕರು ತಲೆಯೆತ್ತಿ, "ಓ, ಸೆಟ್ಟಿಂಗಾ? ಆಗುತ್ತೆ ಬಿಡಿ, ಹೊಸ ಪ್ರೋಗ್ರಾಮಲ್ಲಿ ಇವೆಲ್ಲ ಇದ್ದಿದ್ದೇ" ಎಂದರು.

ಅಲ್ಲಿಗೆ ಮುಗಿಯಿತು. ಒಂದೇ ಅನಾಹುತದಲ್ಲಿ ಮಾಸ್ಟರ್ ಪಾಲಿನದ್ದಕ್ಕೆ ಶಿಸ್ತಿಲ್ಲದಿರುವುದು ಎಂದು ಹೆಸರು, ನನ್ನ ಪಾಲಿನದ್ದಕ್ಕೆ ಸೆಟ್ಟಿಂಗ್ ಎಂದು ಹೆಸರು. ಆಗ ಮೇಡಂ ಮೊದಲ ಸಲ ಬಾಯಿಬಿಟ್ಟರು. "ಸಾರ್, ಅವರದ್ದೂ ಸೆಟ್ಟಿಂಗೇ. ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಸಹಿ ಹಾಕಿ" ಎಂದು ಎದ್ದೇಬಿಟ್ಟರು.

ಖಾಲಿ ಅಂಗಿಯ ಎಡ ಜೇಬಿಗೆ ಮಾತ್ರ ಒಂದು ಕೊಳವೆ ಹಾಕಿ ತಮ್ಮನೊಳಗೆ ಇಟ್ಟೆವು. ಸಮಿತಿಯೆಲ್ಲ ಬೆಲ್ಟು ಕಳಚಿ, ಪ್ಯಾಂಟು ಹಿಡಿದುಕೊಂಡು ನನ್ನ ಪರದೆಯ ಸುತ್ತ ನಿಂತಿತ್ತು. ಚುಕ್ಕೆ ಬಲಕ್ಕೆ ಮೂಡಿತು. ನಾನು ಬೆನ್ನು ಎಂಬುದನ್ನು ಒತ್ತಿದೆ. ಚುಕ್ಕೆ ಎಡಕ್ಕೆ ಬಂತು. ಆಮೇಲೆ ಕಂಪ್ಯೂಟರಿನಲ್ಲಿದ್ದ ಆರು ಇಲಿಗಳ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಆರರಲ್ಲೂ ಕೋಶಗಳು ಗಾಯದ ಮೇಲೆಯೇ ಗುಂಪುಗೂಡಿ ಕೂತಿದ್ದವು. ಅವು ಮೊದಲ ದಿನದಿಂದಲೂ ಅಲ್ಲೇ ಇದ್ದವು. ಮೇಡಂ ಕುರ್ಚಿಯಲ್ಲಿ ಕುಸಿದು ಕೂತು ಅತ್ತರು, ಅಳುತ್ತಲೇ ನಕ್ಕರು. ನಿರ್ದೇಶಕರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಪತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಅದನ್ನು ಮತ್ತೆ ಯಾರೂ ನೋಡಿಲ್ಲ.

ಮಧ್ಯಾಹ್ನ ಮಾಸ್ಟರ್ ಹೊಸ ಅಂಗಿಗೆ ಬಟ್ಟೆ ಹಾಸಿಕೊಂಡು ಕೂತರು. ಈ ಸಲ ಕಾಗದದಲ್ಲಿದ್ದ ಹಾಗೆಯೇ ಜೇಬು ಸೊಟ್ಟಗಿರಬೇಕು. ಸೀಮೆಸುಣ್ಣ ಹಿಡಿದ ಕೈ ಬಟ್ಟೆಯ ಮೇಲೆ ಬರುತ್ತದೆ, ಗೆರೆ ಎಳೆಯುವ ಹೊತ್ತಿಗೆ ತಾನಾಗಿಯೇ ನೆಟ್ಟಗಾಗುತ್ತದೆ. ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ, ಮತ್ತೆ ನೆಟ್ಟಗೆ. ಬೆವರಿದರು. ಕೊನೆಗೆ ಮೇಡಂ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಅವರ ಕೈ ಹಿಡಿದು ಮೂರು ಮಿಲಿಮೀಟರು ಮೇಲಕ್ಕೆ ಸರಿಸಿದರು.

"ಮೂರು ವಾರ ನಿಮ್ಮ ಮೇಲೆ ಅನುಮಾನ ಪಟ್ಟೆ ಮಾಸ್ಟರ್. ದಿನಾ ಬಂದು ಅಂಗಿ ಎಳೆದು ನೋಡ್ತಿದ್ದೆ. ಕ್ಷಮಿಸಿ" ಎಂದರು.

"ಅನುಮಾನ ಸರಿಯಾಗೇ ಇತ್ತಲ್ಲ ಮೇಡಂ" ಎಂದರು ಮಾಸ್ಟರ್, ಗೆರೆಯಿಂದ ಕಣ್ಣು ತೆಗೆಯದೆ. "ಅರ್ಧ."

ಮೇಡಂ ನನ್ನ ಕಡೆ ತಿರುಗಿದರು. ಬೈಯುವ ದನಿಯೇ ಅಲ್ಲ, ತಮ್ಮ ಬಗ್ಗೆ ತಮಗೇ ಆಶ್ಚರ್ಯವಾದಂತೆ ಹೇಳಿದರು: "ನಿಮ್ಮ ಮೇಲೆ ಮಾತ್ರ ಒಂದು ಸಲಾನೂ ಅನುಮಾನ ಬರ್ಲಿಲ್ಲ ನೋಡಿ."

ನನ್ನ ಜೀವನದಲ್ಲಿ ಯಾರ ಬೈಗುಳಕ್ಕೂ ನಾನು ಅಷ್ಟು ನಾಚಿರಲಿಲ್ಲ. ಅಲ್ಲೇ ಬಗ್ಗಿ, ಮಾಸ್ಟರ್ ಹೇಳಿದ ಕಡೆ ಬಟ್ಟೆಯ ತುದಿ ಹಿಡಿದುಕೊಂಡೆ.